ಗಾಣದ ಮನೆಯ ಅಳಿಲುಗಳು

ಆ ವರ್ಷ ಗಾಣದ ಮನೆಯಲ್ಲಿ ಮೊದಲ ಅಳಿಲನ್ನು ಕಂಡವಳು ಶಿನೊ. ಬೈಸಿಕೊಂಡವಳೂ ಅವಳೇ.

ಅಕ್ಟೋಬರ್ ನಡುವಿನ ಒಂದು ಬೆಳಿಗ್ಗೆ. ಗಂಡ ಇಸಾವೊ ಬಂದರಿನಲ್ಲಿ ಬಂದ ಹಡಗನ್ನು ಹಗ್ಗದಿಂದ ದಡಕ್ಕೆ ಕಟ್ಟುವ ಕೆಲಸದವನು. ಮೊದಲ ಹಡಗು ಬರುವ ಮುಂಚೆ ಅಲ್ಲಿರಬೇಕು. ಅವನಿಗೆ ಅನ್ನ, ಮಿಸೊ ಸಾರು ಬಡಿಸಿ, ಒಂಬತ್ತು ವರ್ಷದ ಮಗಳು ನಾತ್ಸುವನ್ನು ಎಬ್ಬಿಸಿ, ಶಿನೊ ಅಡಿಗೆಮನೆಯ ಹಿಂಬಾಗಿಲಿನಿಂದ ಗಾಣದ ಮನೆಗೆ ಹೋದಳು. ಅಡಿಗೆಮನೆಯ ಗೋಡೆಗೇ ಒರಗಿಕೊಂಡಿರುವ, ತಗಡು ಹೊದೆಸಿದ ಹಳೆಯ ಮರದ ಕೊಠಡಿ ಅದು. ನಡುವೆ ಕಬ್ಬಿಣದ ತಿರುಪು ಗಾಣ, ಪಕ್ಕದಲ್ಲಿ ಹಬೆಯ ಒಲೆ, ಗೋಡೆಯುದ್ದಕ್ಕೂ ತ್ಸುಬಾಕಿ ಬೀಜದ ಮೂಟೆಗಳು. ಆ ದ್ವೀಪದ ತುಂಬ ತ್ಸುಬಾಕಿ ಮರಗಳೇ. ಚಳಿಗಾಲದಲ್ಲಿ ಕೆಂಪು ಹೂವು, ಅದಕ್ಕೆ ಮುಂಚೆ ಬೀಜ. ಬೀಜ ಆರಿಸಿ ಒಣಗಿಸಿ ಎಣ್ಣೆ ತೆಗೆಯುವ ಮನೆಗಳು ಹಿಂದೆ ಬೀದಿಗೊಂದು ಇದ್ದವಂತೆ. ಈಗ ಆ ಕೇರಿಯಲ್ಲಿ ಉಳಿದದ್ದು ಇದೊಂದೇ. ನೆರೆಹೊರೆಯವರೂ ತಮ್ಮ ಬೀಜ ತಂದು ಇಲ್ಲೇ ಇಟ್ಟುಹೋಗುತ್ತಿದ್ದರು.

ದೀಪದ ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ. ಕಾಲ ಕೆಳಗೆ ಏನೋ ಕರಕರ ಅಂದಿತು. ಬಾಗಿಲು ಪೂರಾ ತೆರೆದು ನೋಡಿದರೆ ನೆಲದ ತುಂಬ ಬೀಜದ ಸಿಪ್ಪೆ. ಎರಡು ಮೂಟೆಗಳಿಗೆ ಮುಷ್ಟಿ ತೂರುವಷ್ಟು ತೂತು. ಮೇಲೆ ತೊಲೆಯ ಮೇಲೆ, ಬೆನ್ನಿನ ಮೇಲೆ ಗೆರೆಗಿರೆ ಏನೂ ಇಲ್ಲದ, ಕೆಂಪು ಹೊಟ್ಟೆಯ ದಪ್ಪ ಅಳಿಲೊಂದು ಎರಡೂ ಕೈಯಲ್ಲಿ ಬೀಜ ಹಿಡಿದುಕೊಂಡು ಇವಳನ್ನೇ ನೋಡುತ್ತಿತ್ತು. ಓಡಲೂ ಇಲ್ಲ!

"ಅತ್ತೇ!" ಎಂದು ಕೂಗಿದಳು ಶಿನೊ.

ಅತ್ತೆ ಉಮೆಯೊಗೆ ಎಪ್ಪತ್ತೆಂಟು. ಆಕೆ ಬಂದು ಸಿಪ್ಪೆ ನೋಡಿ, ತೂತು ನೋಡಿ, ಕೊನೆಗೆ ಸೊಸೆಯ ಮುಖ ನೋಡಿದರು.

"ನಿನ್ನೆ ಸಂಜೆ ಬಾಗಿಲು ಹಾಕಿದ್ದು ಯಾರು?"

"ನಾನೇ ಅತ್ತೆ. ಚಿಲಕ ಹಾಕಿದ್ದು ಚೆನ್ನಾಗಿ ನೆನಪಿದೆ."

"ನೆನಪಿದೆಯಂತೆ! ಹೋದ ವಾರ ನನ್ನ ನೇರಳೆ ಉಣ್ಣೆ ಕಾಲುಚೀಲ ಒಂದನ್ನ ಒಗೆಯೋಕೆ ತಗೊಂಡು ಹೋಗಿ ಕಳೆದೆಯಲ್ಲ, ಅದೂ ನೆನಪಿತ್ತಾ? ಆ ಮೂಟೆ ಯಾರದ್ದು ಗೊತ್ತಾ? ಎದುರುಮನೆ ಫುಕುಯೊದು. ಇನ್ನು ಕೇರಿಗೆಲ್ಲ ನಾನು ಏನು ಮುಖ ತೋರಿಸಲಿ?"

ಶಿನೊ ಕಸಪೊರಕೆ ತೆಗೆದುಕೊಂಡು ಗುಡಿಸತೊಡಗಿದಳು. ಗಾಣದ ಮನೆಯಲ್ಲಿ ಗುಡಿಸುವುದು ಅವಳ ಕೆಲಸ. ಗುಡ್ಡದಲ್ಲಿ ಬಗ್ಗಿ ಬೀಜ ಆರಿಸುವುದು, ಚಾಪೆಯ ಮೇಲೆ ಒಣಹಾಕುವುದು, ಕುಟ್ಟುವುದು, ಕೇರುವುದು, ಅದೆಲ್ಲ ಅವಳದ್ದೇ. ಆದರೆ ಹಬೆಯ ಒಲೆ ಮತ್ತು ಗಾಣದ ಹಿಡಿ ಮಾತ್ರ ಅತ್ತೆಯವು. ಕುಟ್ಟಿದ ಪುಡಿ ಹಬೆಯಲ್ಲಿ ಬೇಯುವಾಗ ಹದ ನೋಡಿ ಇಳಿಸಬೇಕು. ಮುಂಚೆ ಇಳಿಸಿದರೆ ಎಣ್ಣೆ ಬಿಡುವುದಿಲ್ಲ, ತಡವಾದರೆ ಎಣ್ಣೆಗೆ ನೀರು ಬೆರೆತು ಮಂಕಾಗುತ್ತದೆ. ಉಮೆಯೊ ಬಿಸಿ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ ಹೇಳುತ್ತಿದ್ದರು. ಶಿನೊ ದ್ವೀಪದ ಆಚೆಯಿಂದ ಸೊಸೆಯಾಗಿ ಈ ಮನೆಗೆ ಬಂದು ಹದಿನಾಲ್ಕು ವರ್ಷ. ಒಂದು ಸಲವೂ ಅತ್ತೆ ಆ ಹಬೆಯ ಪಾತ್ರೆಗೆ ಕೈ ಹಾಕಗೊಟ್ಟಿರಲಿಲ್ಲ. ಕೇಳಿದರೆ ಒಂದೇ ಉತ್ತರ: "ಹಡಗು ಹತ್ತಿ ಬಂದವರಿಗೆ ಹಬೆ ಅರ್ಥ ಆಗಲ್ಲ ಕಣೇ."

ಈಚೆಗೆ ಎರಡು ವರ್ಷದಿಂದ ಅತ್ತೆಯ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಗಾಣದ ಹಿಡಿ ತಿರುಗಿಸುವಾಗ ಹಲ್ಲು ಕಚ್ಚುತ್ತಿದ್ದರು. ಆದರೂ ಬಿಟ್ಟುಕೊಟ್ಟಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇಸಾವೊ ಹಲ್ಲಿನ ಗುರುತಿದ್ದ ತಂತಿಯ ತುಂಡೊಂದನ್ನು ಮೇಜಿನ ಮೇಲಿಟ್ಟ. ಒಳಗಿನ ತಾಮ್ರ ಹೊಳೆಯುತ್ತಿತ್ತು.

"ನೋಡಿದ್ರಾ? ಇದು ಅಡಿಗೆಮನೆ ಗೋಡೆ ಪಕ್ಕದ ತಂತಿ. ಕಿಡಿ ಹಾರಿದ್ರೆ ಆ ಒಣ ಮರ, ಆ ಎಣ್ಣೆಕಾಳು, ಈ ಮನೆ, ಎಲ್ಲ ಒಟ್ಟಿಗೆ ಹೋಗುತ್ತೆ."

"ತಂತಿ ಬದಲಾಯಿಸು" ಎಂದರು ಉಮೆಯೊ, ಉಪ್ಪಿನಕಾಯಿ ಅಗಿಯುತ್ತ.

"ಅದನ್ನೂ ಕಡೀತಾವೆ. ಅಮ್ಮ, ನಾನು ನೇರವಾಗಿ ಹೇಳ್ತೀನಿ. ನವೆಂಬರ್ ಮುಗಿಯೋದ್ರೊಳಗೆ ಅವು ಜಾಗ ಖಾಲಿ ಮಾಡಬೇಕು. ಇಲ್ಲಾಂದ್ರೆ ಡಿಸೆಂಬರ್ ಒಂದಕ್ಕೆ ಆ ಕೊಠಡಿ ಕೆಡವಿಸ್ತೀನಿ. ಆಳುಗಳ ಹತ್ರ ಮಾತಾಡಿದ್ದೀನಿ. ಗಾಣ ಬೇಕಾದ್ರೆ ಅಂಗಳದಲ್ಲಿ ಅಲಂಕಾರಕ್ಕೆ ಇಟ್ಕೊಳ್ಳೋಣ."

"ಅಲಂಕಾರಕ್ಕೆ! ನಿಮ್ಮಪ್ಪ ನಲವತ್ತು ವರ್ಷ ನಿಂತ ಜಾಗ ಅದು. ಕೆಡವು. ಮೊದಲು ನನ್ನನ್ನ ಒಳಗೆ ಕೂರಿಸಿ ಬಾಗಿಲು ಹಾಕು, ಆಮೇಲೆ ಕೆಡವು."

"ರೀ, ಊಟದ ಹೊತ್ತಲ್ಲಿ ಯಾಕೆ?" ಎಂದಳು ಶಿನೊ. ಗಾಣದ ಮನೆ ಹೋದರೆ ಅತ್ತೆ ಬಿಟ್ಟುಕೊಡಲಿಕ್ಕೂ ಏನೂ ಇರುವುದಿಲ್ಲ, ತಾನು ಕಲಿಯಲಿಕ್ಕೂ ಏನೂ ಇರುವುದಿಲ್ಲ. ಹದಿನಾಲ್ಕು ವರ್ಷ ಗುಡಿಸಿದ್ದು ಇದಕ್ಕೋಸ್ಕರವೇ ಎಂದು ಬಾಯಿಬಿಟ್ಟು ಹೇಳಿದರೆ ಗಂಡ ನಕ್ಕಾನು ಎಂದು ಸುಮ್ಮನಾದಳು.

ಮರುದಿನದಿಂದ ಒಬ್ಬೊಬ್ಬರದು ಒಂದೊಂದು ಉಪಾಯ. ನಾತ್ಸು ರೇಡಿಯೊ ಹಚ್ಚಿಟ್ಟಳು. ಅಳಿಲುಗಳು ಹವಾಮಾನ ವರದಿ ಕೇಳುತ್ತ ಬೀಜ ತಿಂದವು. ಶಿನೊ ಒಣಮೆಣಸಿನ ಹೊಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಬಂದು ನಿಂತರು. ಅಳಿಲುಗಳು ಮಾಡಿನ ಮೇಲೆ ಕೂತು ಹೊಗೆ ಇಳಿಯುವುದನ್ನೇ ಕಾದವು. ಎದುರುಮನೆಯ ಫುಕುಯೊ ತಮ್ಮ ಬೆಕ್ಕನ್ನು ತಂದುಬಿಟ್ಟರು. ಫುಕುಯೊ ಅತ್ತೆಗಿಂತ ನಾಲ್ಕು ವರ್ಷ ಚಿಕ್ಕವರು, ಬೀಜ ಹೋದ ಸಿಟ್ಟು ಇನ್ನೂ ಆರಿರಲಿಲ್ಲ.

"ಇವಳು ಎತ್ತಿದ ಕೈ ಉಮೆಯೊ ಅಕ್ಕಾ. ಹೋದ ವರ್ಷ ಒಂದು ಹಾವನ್ನೇ ಹಿಡಿದಿದ್ದಳು" ಎಂದರು.

ಎತ್ತಿದ ಕೈಯವಳು ಒಲೆಯ ಪಕ್ಕದ ಗೋಣಿಯ ಮೇಲೆ ಮೂರು ದಿನ ಮಲಗಿ, ಮೀನು ತಿಂದು, ದಪ್ಪಗಾಗಿ ಮನೆಗೆ ಹೋದಳು.

ಎಲ್ಲಕ್ಕಿಂತ ದೊಡ್ಡ ಅನಾಹುತ ಇಸಾವೊದು. ಉಪ್ಪುನೀರಲ್ಲಿ ಹುದುಗಿಸಿ ಒಣಗಿಸಿದ ಕುಸಾಯ ಮೀನು ಗೊತ್ತಲ್ಲ, ಅದರ ನಾತಕ್ಕೆ ಹೊರಗಿನವರು ಮೂಗು ಮುಚ್ಚಿಕೊಂಡು ಹಡಗಿಗೆ ವಾಪಸು ಓಡುತ್ತಾರೆ. ಮನುಷ್ಯರೇ ಓಡುವಾಗ ಅಳಿಲು ನಿಂತೀತೇ ಎಂದು ಅವನು ಆರು ಮೀನು ತಂದು ತೊಲೆಗೆ ಸಾಲಾಗಿ ನೇತುಹಾಕಿದ.

ಉಮೆಯೊ ಬಾಗಿಲು ತೆರೆದವರೇ ಕಿರುಚಿದರು. "ಅಯ್ಯೋ ಪಾಪಿ, ಏನೋ ಮಾಡಿದೆ? ಎಣ್ಣೆಕಾಳು ಇರೋ ಕೋಣೇಲಿ ಕುಸಾಯ ಕಟ್ಟಿದ್ದೀಯಲ್ಲೋ! ಆ ವಾಸನೆ ಬೀಜಕ್ಕೆ ಹತ್ತಿದ್ರೆ ಆ ಎಣ್ಣೇನ ಯಾರು ತಲೆಗೆ ಹಚ್ಕೋತಾರೆ, ನೀನು ಹಚ್ಕೋತೀಯಾ?"

"ಅಳಿಲು ಹೋಗಲಿ ಅಂತ ಕಟ್ಟಿದೆ."

"ಅಳಿಲು ಹೋಗಲ್ಲ, ಗಿರಾಕಿಗಳು ಹೋಗ್ತಾರೆ. ಇಳಿಸು ಮೊದಲು!"

ಶಿನೊ ಆ ದಿನವೆಲ್ಲ ಮೂಟೆಗಳನ್ನು ಒಂದೊಂದಾಗಿ ಹೊತ್ತು ಅಂಗಳಕ್ಕೆ ತಂದು, ಬೀಜವನ್ನು ಗಾಳಿಗೆ ಹರಡಿ, ಸಂಜೆ ಮತ್ತೆ ತುಂಬಿಟ್ಟಳು. ಇಳಿಸಿದ ಕುಸಾಯವನ್ನು ಸುಟ್ಟು ನಾಲ್ಕು ದಿನ ತಿಂದರು. ಇಸಾವೊ ಮಾತ್ರ ಬಾಯಿ ಚಪ್ಪರಿಸಿದ.

ಕೊನೆಗೆ ಶಿನೊ ಪಟ್ಟಣ ಕಚೇರಿಗೆ ಫೋನು ಮಾಡಿದಳು. ಅಲ್ಲಿಂದ ಹಿರೈ ಎನ್ನುವ ತರುಣ ಒಂದು ತಂತಿ ಬೋನು ಹಿಡಿದುಕೊಂಡು ಬಂದ. ಅಡಿಪಾಯದಿಂದ ಮಾಡಿನವರೆಗೆ ನೋಡಿ, ಅಳಿಲುಗಳು ಕಿಟಕಿಯ ಮೇಲಿನ ಸೂರಿನ ಸಂದಿಯಿಂದ ಬರುತ್ತಿವೆ ಎಂದ. ಕಿಟಕಿಯ ಕೆಳಗೆ ಬೋನಿಟ್ಟು ಒಳಗೆ ಬೇಯಿಸಿದ ಗೆಣಸಿನ ತುಂಡು ಸಿಕ್ಕಿಸಿದ.

"ಮೊದಲು ಹಿಡೀಬೇಕು, ಆಮೇಲೆ ಸಂದಿ ಮುಚ್ಚಬೇಕು. ಹಿಂದುಮುಂದು ಮಾಡಿದ್ರೆ ಒಳಗೇ ಸಿಕ್ಕಿಬಿದ್ದು ಇನ್ನೂ ಕಡೀತಾವೆ. ಸಿಕ್ಕಿದ್ರೆ ನನಗೆ ಫೋನು ಮಾಡಿ. ಇವು ಹೊರಗಿಂದ ಬಂದ ಜಾತಿ, ನೀವು ಬಿಟ್ಟುಬಿಡಬಾರದು, ಅದು ಕಾನೂನಿಗೆ ವಿರುದ್ಧ."

"ಸಿಕ್ಕಿದ ಮೇಲೆ ಏನು ಮಾಡ್ತೀರಿ ಮಾಮ?" ಎಂದು ನಾತ್ಸು ಕೇಳಿದಳು.

ಹಿರೈ ತನ್ನ ಬೂಟು ನೋಡಿಕೊಂಡ. "ಅದು... ಕಚೇರೀಲಿ ನೋಡ್ಕೋತಾರೆ."

"ಸಾಯಿಸ್ತೀರಾ?"

ನಾತ್ಸು, ಅವನು ಬಂದಾಗ ಕೊಟ್ಟಿದ್ದ ಅಳಿಲಿನ ಚಿತ್ರದ ಹಾಳೆಯನ್ನು ಹಿಂದಕ್ಕೆ ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಎರಡು ವಾರ ಕಳೆದರೂ ಒಂದು ಅಳಿಲೂ ಸಿಗಲಿಲ್ಲ. ಬೀಜ ಖಾಲಿಯಾಗುತ್ತಲೇ ಇತ್ತು. ನವೆಂಬರ್ ಹತ್ತು ದಾಟಿತು. ಅದಕ್ಕಿಂತ ವಿಚಿತ್ರವೆಂದರೆ, ಬೆಳಿಗ್ಗೆ ಹೋಗಿ ನೋಡಿದರೆ ಬೋನಿನ ಬಾಗಿಲು ಬಿದ್ದಿರುತ್ತಿತ್ತು, ಒಳಗೆ ಗೆಣಸು ಹಾಗೇ ಇರುತ್ತಿತ್ತು. ಮೂರು ದಿನ ಹೀಗೇ ಆಯಿತು. ಇಸಾವೊ ಮಗಳನ್ನು ಓರೆಗಣ್ಣಿನಿಂದ ನೋಡತೊಡಗಿದ.

ಶಿನೊಗೆ ತಡೆಯಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಗಂಡನನ್ನೂ ಮಗಳನ್ನೂ ಕಳಿಸಿದವಳೇ ಗಾಣದ ಮನೆಗೆ ಹೋಗಿ ಬೋನಿನ ಬಾಗಿಲು ಎತ್ತಿಟ್ಟು, ಮೂಟೆಗಳ ಹಿಂದೆ ಗೋಣಿ ಹೊದ್ದು ಕೂತಳು. ಇವತ್ತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡಾದರೂ ನೋಡಿಯೇ ಬಿಡುವುದು ಎಂದು ಹಟ.

ಮೊದಲು ಬಂದದ್ದು ಅಳಿಲಲ್ಲ, ಅತ್ತೆ.

ಉಮೆಯೊ ಅವರ ಕೈಯಲ್ಲಿ ಒಂದು ಚಿಕ್ಕ ತಟ್ಟೆ. ಅದರಲ್ಲಿ ಅರ್ಧ ಕಿತ್ತಳೆ, ಬೇಯಿಸಿದ ಗೆಣಸಿನ ದಪ್ಪ ಹೋಳು, ಮೇಲೆ ಒಂದಿಷ್ಟು ನೆಲಗಡಲೆ. ಅದನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಎರಡು ಕೈ ಜೋಡಿಸಿದರು. ಮಾವ ಟೋಕುಜೊ ತೀರಿಹೋಗಿ ಆರು ವರ್ಷ. ಬದುಕಿದ್ದಾಗ ಅವರು ಇದೇ ಕಿಟಕಿಯಲ್ಲಿ ಬೆಳ್ಗಣ್ಣ ಹಕ್ಕಿಗಳಿಗೆ ಅರ್ಧ ಕಿತ್ತಳೆ ಇಡುತ್ತಿದ್ದರು, ಉಳಿದರ್ಧ ತಾವು ತಿನ್ನುತ್ತಿದ್ದರು. ಮನೆಯೊಳಗಿನ ಪೂಜೆಯ ಗೂಡಿನಲ್ಲಿ ಅವರಿಗೆ ದಿನವೂ ಅನ್ನ ಇಡುವುದು ಶಿನೊಗೆ ಗೊತ್ತಿತ್ತು. ಇಲ್ಲೂ ಒಂದು ತಟ್ಟೆ ನಡೆಯುತ್ತಿದೆ ಎಂದು ಗೊತ್ತಿರಲಿಲ್ಲ.

"ತಗೊಳ್ಳಿ, ಇವತ್ತು ಗೆಣಸು ಸಿಹಿ ಇದೆ" ಎಂದರು ಉಮೆಯೊ ಖಾಲಿ ಗಾಣದ ಕಡೆ ತಿರುಗಿ. "ನಿಮ್ಮ ಹಕ್ಕಿಗಳಿಗೆ ಈಚೆಗೆ ಹಸಿವು ಜಾಸ್ತಿಯಾಗಿದೆ ಕಣ್ರೀ, ಒಂದು ಚೂರೂ ಬಿಡಲ್ಲ. ನಿಮ್ಮ ಮಗ ಇದನ್ನ ಕೆಡವ್ತಾನಂತೆ. ಕೈಯೂ ಮಾತು ಕೇಳಲ್ಲ, ಹೋದ ವರ್ಷ ಹಿಡಿ ತಿರುಗಿಸೋಕೆ ಆಗದೆ ಕಣ್ಣಲ್ಲಿ ನೀರು ಬಂತು. ಆ ಹುಡುಗಿ ಕೈ ಗಟ್ಟಿ ಇದೆ, ನೋಡಿದ್ದೀನಿ. ಕೊಡಬಹುದು. ಆದ್ರೆ ಕೊಟ್ಟುಬಿಟ್ಟ ಮೇಲೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಹೇಳಿ?"

ಮೂಗು ಒರೆಸಿಕೊಂಡು ಹೊರಟುಹೋದರು. ಶಿನೊ ಉಸಿರು ಬಿಗಿಹಿಡಿದು ಕೂತಿದ್ದಳು. ಹದಿನಾಲ್ಕು ವರ್ಷ ಅತ್ತೆ ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ತಿಳಿದಿದ್ದಳಲ್ಲ.

ಬಾಗಿಲು ಮುಚ್ಚಿದ್ದೇ ತಡ, ಸೂರಿನ ಸಂದಿಯಿಂದ ಒಂದಾದ ಮೇಲೊಂದು ನಾಲ್ಕು ಅಳಿಲು ಇಳಿದವು. ತಟ್ಟೆಯ ಸುತ್ತ ಕೂತು ಶಿಸ್ತಾಗಿ ಊಟ ಮಾಡಿದವು. ಕಿತ್ತಳೆಯ ಸಿಪ್ಪೆಯನ್ನೂ ಬಿಡಲಿಲ್ಲ. ಹೊರಗೆ ಒಂದು ಬೆಳ್ಗಣ್ಣ ಹಕ್ಕಿ ಬಂದು, ನೋಡಿ, ಹಾರಿಹೋಯಿತು. ತಿಂದು ಮುಗಿಸಿದ ದೊಡ್ಡ ಅಳಿಲು ಹಲಗೆಯಿಂದ ಧೊಪ್ಪನೆ ಬೋನಿನ ನೆತ್ತಿಯ ಮೇಲೆ ಹಾರಿತು. ಟಪ್ ಎಂದು ಬಾಗಿಲು ಬಿತ್ತು. ಹೊಟ್ಟೆ ತುಂಬಿದ ಅಳಿಲಿಗೆ ಬೋನಿನೊಳಗಿನ ಗೆಣಸು ಯಾಕೆ ಬೇಕು? ನಾಲ್ಕೂ ಸಾವಕಾಶವಾಗಿ ಬೀಜದ ಮೂಟೆಯ ಕಡೆ ನಡೆದವು.

ಶಿನೊ ಗೋಣಿ ಕೊಡವಿ ಎದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಗೆ ಹೇಗೆ ಹೇಳುವುದು? ಮಾವನಿಗೆಂದು ನೀವು ಬಡಿಸುತ್ತಿರುವುದು ಅಳಿಲಿನ ಹೊಟ್ಟೆಗೆ ಹೋಗುತ್ತಿದೆ ಎಂದೇ? ಬಟ್ಟೆ ಒಗೆದಳು, ಪಾತ್ರೆ ತೊಳೆದಳು, ಮೂರು ಸಲ ಅತ್ತೆಯ ಎದುರು ಹೋಗಿ ನಿಂತಳು, ಮೂರು ಸಲವೂ "ರಾತ್ರಿಗೆ ಮೂಲಂಗಿ ಬೇಯಿಸಲಾ?" ಎಂದು ಕೇಳಿ ವಾಪಸು ಬಂದಳು.

"ಮೂಲಂಗಿ, ಮೂಲಂಗಿ! ನಿನಗೆ ಇವತ್ತು ಏನಾಗಿದೆ?" ಎಂದರು ಉಮೆಯೊ.

ರಾತ್ರಿ ಮೂಲಂಗಿಯೇ ಆಗಿತ್ತು. ಇಸಾವೊ ಬಂದವನೇ ಬೋನು ನೋಡಿಕೊಂಡು ಬಂದು ಮಗಳ ಎದುರು ಕೂತ.

"ನಾತ್ಸು, ಇವತ್ತೂ ಬಾಗಿಲು ಬಿದ್ದಿದೆ. ನಿಜ ಹೇಳು. ಕೋಲು ಹಾಕಿ ಬೀಳಿಸ್ತಿರೋದು ನೀನೇ ತಾನೆ?"

"ನಾನಲ್ಲ ಅಪ್ಪ."

"ಅವುಗಳನ್ನ ಸಾಯಿಸ್ತಾರೆ ಅಂತ ಅವತ್ತು ಮುಖ ಊದಿಸ್ಕೊಂಡು ಹೋದವಳು ನೀನೇ. ಇನ್ಯಾರು ಮಾಡ್ತಾರೆ?"

"ನಾನಲ್ಲ ಅಂದ್ನಲ್ಲ!" ನಾತ್ಸು ಊಟದ ಕಡ್ಡಿ ಕೆಳಗಿಟ್ಟಳು. "ಮನಸ್ಸಿತ್ತು. ಆದ್ರೆ ಮಾಡಿಲ್ಲ. ಮಾಡಿದ್ರೆ ಅಮ್ಮನ ಗಾಣದ ಮನೆ ಹೋಗುತ್ತಲ್ಲ."

"ಅಮ್ಮನ ಗಾಣದ ಮನೆ" ಎಂಬ ಮಾತಿಗೆ ಉಮೆಯೊ ತಲೆ ಎತ್ತಿದರು.

"ಸುಳ್ಳು ಬೇರೆ..." ಎಂದು ಇಸಾವೊ ದನಿ ಏರಿಸುವಷ್ಟರಲ್ಲಿ ಶಿನೊ ಬಾಯಿ ತೆರೆದಳು.

"ಅವಳಲ್ಲ. ನಾನು ಕೂತು ನೋಡಿದೆ. ಬಾಗಿಲು ಬೀಳಿಸೋದು ಅಳಿಲೇ. ಕಿಟಕಿ ಹಲಗೆ ಮೇಲಿಂದ ಹಾರುತ್ತೆ." ನಿಂತಳು. ಇನ್ನು ನುಂಗಿಕೊಂಡು ಪ್ರಯೋಜನವಿರಲಿಲ್ಲ. "ಅತ್ತೆ, ಮಾವನಿಗೆ ನೀವು ಇಡೋ ತಟ್ಟೆ... ಅದನ್ನ ಹಕ್ಕಿ ತಿಂತಿಲ್ಲ. ಅವು ಆ ತಟ್ಟೆಗೋಸ್ಕರವೇ ಬರ್ತಾ ಇವೆ. ಹೊಟ್ಟೆ ತುಂಬ ತಿಂದು ಬೋನಿನ ಕಡೆ ತಿರುಗಿಯೂ ನೋಡಲ್ಲ."

ಉಮೆಯೊ ಕಡ್ಡಿಯಲ್ಲಿದ್ದ ಮೂಲಂಗಿ ತುಂಡನ್ನು ಬಟ್ಟಲಿಗೆ ವಾಪಸು ಹಾಕಿದರು.

"ಮೂಟೆ ಹಿಂದೆ ಕೂತಿದ್ದೆಯಾ?" ಎಂದರು ಉಮೆಯೊ ಮೆಲ್ಲಗೆ.

"ಹೌದು ಅತ್ತೆ."

"ಎಲ್ಲಾ ಕೇಳಿಸ್ಕೊಂಡೆಯಾ?"

ಶಿನೊ ತಲೆ ತಗ್ಗಿಸಿದಳು. ಉಮೆಯೊ ಬಟ್ಟಲು ಮುಚ್ಚಿಟ್ಟು, ಮಂಡಿ ಹಿಡಿದುಕೊಂಡು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಸರಿಸಿಕೊಂಡರು. ಇಸಾವೊ ತನ್ನ ತಟ್ಟೆಯ ಮೀನಿನ ದೊಡ್ಡ ತುಂಡನ್ನು ಎತ್ತಿ ನಾತ್ಸುವಿನ ಅನ್ನದ ಮೇಲಿಟ್ಟ. "ತಿನ್ನು. ಅಪ್ಪಂದು ತಪ್ಪಾಯ್ತು" ಎಂದ.

ಮೂರು ದಿನ ಉಮೆಯೊ ಸೊಸೆಯ ಜೊತೆ ಮಾತಾಡಲಿಲ್ಲ. ಗಾಣದ ಮನೆಗೂ ಕಾಲಿಡಲಿಲ್ಲ. ಬೆಳಿಗ್ಗೆ ಎದ್ದು ಟಿವಿಯ ಮುಂದೆ ಕೂತರೆ ಮಧ್ಯಾಹ್ನದವರೆಗೆ ಅಲ್ಲೇ. ಅತ್ತೆ ಹಗಲು ಹೊತ್ತು ಕೂತದ್ದನ್ನೇ ಶಿನೊ ನೋಡಿರಲಿಲ್ಲ. ಬೈದಿದ್ದರೆ ಇದಕ್ಕಿಂತ ಎಷ್ಟೋ ವಾಸಿ ಅನ್ನಿಸಿತು.

ನಾಲ್ಕನೆಯ ದಿನ ಶಿನೊ ಬೋನಿನ ಗೆಣಸು ಬದಲಿಸಲು ಬಗ್ಗಿದ್ದಾಗ ಹಿಂದಿನಿಂದ ದನಿ ಬಂತು.

"ಸರಿ ಆ ಕಡೆ."

ಉಮೆಯೊ ತಟ್ಟೆ ಹಿಡಿದು ನಿಂತಿದ್ದರು. ಅರ್ಧ ಕಿತ್ತಳೆ, ಗೆಣಸು, ನೆಲಗಡಲೆ, ಎಲ್ಲ ಎಂದಿನಂತೆ. ಕಿಟಕಿಯ ಹಲಗೆಯ ಹತ್ತಿರ ಹೋದರು. ಅಲ್ಲಿ ಇಡಲಿಲ್ಲ. ಮಂಡಿಯೂರಿ ಕೂತು, ಬೋನಿನೊಳಗೆ ಕೈ ಹಾಕಿ, ತಟ್ಟೆಯನ್ನು ಅದರ ತುದಿಗೆ ತಳ್ಳಿದರು.

"ಅತ್ತೆ, ಅದು ಮಾವನದ್ದು..."

"ಬದುಕಿದ್ದಾಗ ಕಿಟಕೀಲಿ ಹಕ್ಕಿ ನೋಡ್ತಾ ನಿಂತಿರ್ತಿದ್ರು, ಹಿಡಿ ತಿರುಗಿಸಿ ಅಂದ್ರೆ ಸೊಂಟ ನೋವು ಅಂತಿದ್ರು. ಈಗಲಾದ್ರೂ ಒಂದು ಕೆಲಸ ಮಾಡಲಿ." ಕೈ ಜೋಡಿಸಿದರು. ಆಮೇಲೆ ಎದ್ದು ಕಿಟಕಿಯ ಹಲಗೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದರು. "ಇಷ್ಟು ದಿನ ನಾನು ದಡ್ಡಿ ಹಾಗೆ... ನೀನು ಅವತ್ತೇ ಬೆಳಿಗ್ಗೆ ಹೇಳಬಹುದಿತ್ತು. ಮೂಲಂಗಿ ಅಂತೆ!"

ಮರುದಿನ ಬೆಳಿಗ್ಗೆ ಬೋನಿನಲ್ಲಿ ಒಂದು ಅಳಿಲಿತ್ತು. ಹಲ್ಲಿನಿಂದ ತಂತಿ ಕಡಿಯುತ್ತ ಕಿಚಕಿಚ ಎನ್ನುತ್ತಿತ್ತು. ಗೆದ್ದ ಖುಷಿಯಲ್ಲಿ ಇಸಾವೊ ಫೋನು ಹಚ್ಚಲು ಓಡಿದ. ನಾತ್ಸು ಬಂದು ನೋಡಿದಳು, ಏನೂ ಹೇಳದೆ ಒಳಗೆ ಹೋಗಿ ತನ್ನ ಹಳೆಯ ಟವೆಲು ತಂದು ಬೋನಿನ ಮೇಲೆ ಹೊದಿಸಿದಳು. ಕತ್ತಲಾದದ್ದೇ ಅಳಿಲು ಕಿಚಕಿಚ ನಿಲ್ಲಿಸಿತು.

"ಅಜ್ಜಿ, ಇದು ಏನು ತಪ್ಪು ಮಾಡಿದೆ?"

ಉಮೆಯೊ ಮೊಮ್ಮಗಳ ಪಕ್ಕ ನೆಲದ ಮೇಲೇ ಕೂತರು. "ಏನೂ ಮಾಡಿಲ್ಲ. ಯಾವ ಕಾಲದಲ್ಲೋ ಯಾರೋ ದೊಡ್ಡವರು ನೋಡೋಕೆ ಚೆಂದ ಅಂತ ಹಡಗಲ್ಲಿ ತಂದು ಸಾಕಿದ್ರು. ತಪ್ಪಿಸ್ಕೊಂಡು ಗುಡ್ಡ ಸೇರಿದವು. ತಿನ್ನೋಕೆ ಬೀಜ ಸಿಕ್ತು, ತಿಂದವು. ನಾನೂ ತಟ್ಟೆ ಇಟ್ಟು ಕರೆದೆ. ತಪ್ಪೆಲ್ಲ ನಮ್ಮದು."

"ಹಾಗಾದ್ರೆ ಬಿಟ್ಟುಬಿಡೋಣ."

"ಬಿಟ್ಟರೆ ಮುಂದಿನ ವರ್ಷ ನಾಲ್ಕಿದ್ದದ್ದು ಹತ್ತಾಗ್ತಾವೆ. ಮರದಲ್ಲಿ ಬೀಜ ಉಳಿಯಲ್ಲ, ಹೊಸ ಸಸಿ ಏಳಲ್ಲ, ಹಕ್ಕಿಗೆ ಹೂವಿಲ್ಲ. ನನಗೂ ಸಂಕಟ ಆಗುತ್ತೆ ಪುಟ್ಟಿ. ಆಗಬೇಕು. ಸಂಕಟ ಆಗದೆ ಮಾಡೋ ಕೆಲಸ ಅಲ್ಲ ಇದು. ಕೈ ಮುಗಿ."

ಇಬ್ಬರೂ ಕೈ ಮುಗಿದರು. ಬೋನು ಒಯ್ಯಲು ಬಂದ ಹಿರೈ ಅದನ್ನು ನೋಡಿ ತಾನೂ ಟೋಪಿ ತೆಗೆದು ಕೈ ಮುಗಿದ. ಟವೆಲು ಹೊದಿಸಿಕೊಂಡೇ ಒಯ್ಯುತ್ತೇನೆ ಎಂದು ನಾತ್ಸುವಿಗೆ ಮಾತು ಕೊಟ್ಟ, ಪ್ರತಿ ಸಲ ಒಗೆದು ವಾಪಸು ತಂದ. ಎಂಟು ದಿನಗಳಲ್ಲಿ ನಾಲ್ಕೂ ಅಳಿಲು ಸಿಕ್ಕವು. ಆಮೇಲೆ ತಟ್ಟೆ ಮೂರು ದಿನ ಮುಟ್ಟಿದವರಿಲ್ಲದೆ ಹಾಗೇ ಉಳಿಯಿತು. ನೆಲದ ಮೇಲೆ ಹೊಸ ಸಿಪ್ಪೆಯೂ ಕಾಣಲಿಲ್ಲ.

ನವೆಂಬರ್ ಇಪ್ಪತ್ತೊಂಬತ್ತು, ಭಾನುವಾರ. ಇಸಾವೊ ಗೊಣಗುತ್ತಲೇ ಏಣಿ ಹತ್ತಿ ಸೂರಿನ ಸಂದಿಗೆ ಜಾಲರಿ, ಜಾಲರಿಯ ಮೇಲೆ ತಗಡು ಹೊಡೆದ. ಶಿನೊ ಕೆಳಗೆ ಏಣಿ ಹಿಡಿದಿದ್ದಳು, ನಾತ್ಸು ಮೊಳೆ ಕೊಡುತ್ತಿದ್ದಳು.

"ಇಲ್ಲಿ ಗೂಡಿದೆ ಕಣೇ. ಖಾಲಿ. ಹಿಡ್ಕೊ, ಎಸೀತೀನಿ."

ತೊಗಟೆ, ಒಣ ಎಲೆಯ ಉಂಡೆ ಅಂಗಳದಲ್ಲಿ ಬಿದ್ದು ಬಿಚ್ಚಿಕೊಂಡಿತು. ಒಳಗೆ ಮೆತ್ತಗೆ ಹಾಸಿದ್ದದ್ದು ನೇರಳೆ ಉಣ್ಣೆ. ಹಿಮ್ಮಡಿಯ ಭಾಗ ಇನ್ನೂ ಇಡಿಯಾಗಿತ್ತು.

ನಾತ್ಸು ಕಿಸಕ್ಕನೆ ನಕ್ಕಳು. ಶಿನೊ ನಗಲಿಲ್ಲ, ಆ ಚೂರನ್ನು ಕೊಡವಿ ಅತ್ತೆಯ ಮುಂದೆ ಹಿಡಿದಳು. ಉಮೆಯೊ ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಹಾಗಾದ್ರೆ ಒಗೆಯೋವಾಗ ಕಳೆದದ್ದಲ್ಲ ಇದು" ಎಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಯಾರೂ ಕೇಳಿದ್ದಿಲ್ಲ.

ಡಿಸೆಂಬರ್ ಒಂದರಂದು ಕೆಡವುವ ಆಳುಗಳು ಬರಲಿಲ್ಲ. ಬಂದದ್ದು ಫುಕುಯೊ, ಉಳಿದ ಅರ್ಧ ಮೂಟೆ ಬೀಜ ತಳ್ಳುಗಾಡಿಯಲ್ಲಿ ಹಾಕಿಕೊಂಡು.

"ಎಷ್ಟಾಗುತ್ತೋ ಅಷ್ಟೇ ತೆಗೀರಿ ಉಮೆಯೊ ಅಕ್ಕಾ. ನನ್ನ ತಲೇಲಿ ಈಗ ಕೂದಲು ತಾನೇ ಎಷ್ಟಿದೆ!"

ಒಲೆಗೆ ಸೌದೆ ಬಿತ್ತು. ಕುಟ್ಟಿದ ಪುಡಿ ಹಬೆಯ ಪಾತ್ರೆಗೆ ಹೋಯಿತು. ಹೊಸ ತಂತಿಯ ದೀಪದ ಕೆಳಗೆ ಹಬೆ ಏಳತೊಡಗಿತು, ಬೆಚ್ಚನೆಯ ಕಮ್ಮಗಿನ ವಾಸನೆ ಕೋಣೆ ತುಂಬಿತು. ಶಿನೊ ಎಂದಿನಂತೆ ಪೊರಕೆ ಹಿಡಿದು ಮೂಲೆಯಲ್ಲಿದ್ದಳು. ಉಮೆಯೊ ಮುಚ್ಚಳ ತೆಗೆದು ಒಂದು ಹಿಡಿ ಬಿಸಿ ಪುಡಿ ತೆಗೆದು ಮುಷ್ಟಿ ಬಿಗಿದರು. ಮುಖ ಕಿವುಚಿತು. ಬೆರಳು ಪೂರಾ ಮಡಚಲಿಲ್ಲ. ಪುಡಿ ಸಂದಿಯಿಂದ ನೆಲಕ್ಕೆ ಉದುರಿತು.

ಉಮೆಯೊ ಊದಿದ ಮಣಿಕಟ್ಟನ್ನು ನೋಡಿಕೊಂಡರು, ಗಾಣ ನೋಡಿದರು, ಕೊನೆಗೆ ಸೊಸೆಯನ್ನು ನೋಡಿದರು.

"ಬಾ ಇಲ್ಲಿ. ಕೈ ತೊಳ್ಕೊಂಡು ಬಾ."

ಶಿನೊ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಕೈ ತೊಳೆದು ಬಂದಳು. ಹಬೆಯೊಳಗೆ ಕೈ ಹಾಕಿ ಹಿಂಡಿದಳು. ಸುಟ್ಟಿತು, ಬಿಡಲಿಲ್ಲ.

"ಏನು ಹೇಳುತ್ತೆ?"

"ಇನ್ನೂ ಒರಟಿದೆ ಅತ್ತೆ. ಇಲ್ಲ, ಈಗಲೇ ಬೇಡ."

ಉಮೆಯೊ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಫುಕುಯೊ ಏನೋ ಹೇಳಹೋದರೆ ಕಣ್ಣಲ್ಲೇ ಗದರಿದರು. ಶಿನೊ ಎರಡನೆಯ ಸಲ ಹಿಂಡಿದಳು. ಮೂರನೆಯ ಸಲ ಹಿಂಡಿದಾಗ ಪುಡಿ ಮುಷ್ಟಿಯಲ್ಲಿ ಮೆತ್ತಗೆ ಕೂತಿತು, ತೆರೆದರೆ ಬೆರಳಿನ ಗುರುತು ಹಾಗೇ ಉಳಿಯಿತು, ಅಂಗೈ ಮಿನುಗಿತು.

"ಈಗ!" ಎಂದಳು.

ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಗಾಣಕ್ಕೆ ಇಳಿಸಿ, ಶಿನೊ ಹಿಡಿಗೆ ಕೈ ಕೊಟ್ಟು ಮೈಭಾರ ಬಿಟ್ಟು ತಿರುಗಿಸಿದಳು. ಒಂದು ಸುತ್ತು, ಎರಡು, ಮೂರು. ಏನೂ ಇಲ್ಲ. ನಾಲ್ಕನೆಯ ಸುತ್ತಿಗೆ ತೂಬಿನಲ್ಲಿ ಒಂದು ಹನಿ ಕಟ್ಟಿತು. ಆಮೇಲೆ ಇನ್ನೊಂದು. ಆಮೇಲೆ ದಾರವಾಗಿ ಇಳಿಯಿತು, ಮಂಕಿಲ್ಲದ ಹೊಂಬಣ್ಣದ ಎಣ್ಣೆ.

"ಬಂತು! ಅಮ್ಮಂಗೂ ಬಂತು!" ಎಂದು ನಾತ್ಸು ಕುಣಿದಾಡಿದಳು.

ಶಿನೊ ಕಣ್ಣು ಒರೆಸಿಕೊಂಡು ಹಿಂದಿರುಗಿ ನೋಡಿದರೆ ಅತ್ತೆ ಇದ್ದ ಜಾಗದಲ್ಲಿರಲಿಲ್ಲ. ಮೂಲೆಯಲ್ಲಿ, ಗೋಡೆಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡು, ಉದುರಿದ್ದ ಪುಡಿಯನ್ನು ಗುಡಿಸುತ್ತಿದ್ದರು.

"ಅಯ್ಯೋ ಅತ್ತೆ, ಬಿಡಿ, ನಾನು ಗುಡಿಸ್ತೀನಿ. ನೀವು ಇಲ್ಲಿ ಬಂದು ಕೂತ್ಕೊಳ್ಳಿ, ಮುಂದಿನ ಪಾತ್ರೆ ಹದ ನನಗೊಬ್ಬಳಿಗೇ ಗೊತ್ತಾಗಲ್ಲ."

"ಗೊತ್ತಾಗುತ್ತೆ. ಗೊತ್ತಾಗದಿದ್ರೆ ಬೈಯೋಕೆ ನಾನು ದಿನಾ ಬೆಳಿಗ್ಗೆ ಇಲ್ಲೇ ಇರ್ತೀನಿ." ಉಮೆಯೊ ಬಗ್ಗಿ ಗಾಣದ ಅಡಿಗೆ ಪೊರಕೆ ತೂರಿಸಿದರು. "ಹದಿನಾಲ್ಕು ವರ್ಷ ಗುಡಿಸಿದ್ದೀಯಲ್ಲೇ, ಒಂದು ಮೂಲೆಯಾದ್ರೂ ಸರಿಯಾಗಿ ಗುಡಿಸಿದ್ದೀಯಾ? ನೀನು ಈ ಕಡೆ ನೋಡಬೇಡ, ಹಬೆ ಮೇಲೆ ಕಣ್ಣಿಡು."